ಸುತ್ತು ಹಾಕದೆ ಬಿಟ್ಟ ಅಂಕಿ

ಕುದುರೆಗೆ ಎದೆಯಲ್ಲಿ ನೋವಿದ್ದರೆ ಅದು ಎದೆ ಮುಟ್ಟಿ ತೋರಿಸುವುದಿಲ್ಲ. ಹೆಜ್ಜೆ ಚಿಕ್ಕದು ಮಾಡುತ್ತದೆ. ಕಂಕುಳಲ್ಲಿ ಕುರು ಎದ್ದವರು ತೋಳು ಹಿಡಿಯುವ ಹಾಗೆ ಮುಂಗಾಲುಗಳ ಮೊಣಕೈಯನ್ನು ಪಕ್ಕೆಯಿಂದ ತುಸು ಆಚೆ ಹಿಡಿದು ನಿಲ್ಲುತ್ತದೆ. ತಿರುಗಿಸಿದರೆ ತಿರುಗುವುದಿಲ್ಲ, ಮಲಗುವುದಿಲ್ಲ. ಇದನ್ನೆಲ್ಲ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಕಿರಿಯರಿಗೆ ದೊಡ್ಡ ದನಿಯಲ್ಲಿ ಹೇಳಿಕೊಟ್ಟೂ ಇದ್ದೆ. ಆದರೂ ಒಂದು ಬೇಸಿಗೆಯಲ್ಲಿ, ಲಾರಿಯಿಂದ ಇಳಿದ ಹೆಣ್ಣು ಕುದುರೆಯೊಂದು ನನ್ನ ಕಣ್ಣೆದುರೇ ಹಾಗೆ ನಿಂತಾಗ, ದೂರದ ಪ್ರಯಾಣ, ಮೈಕೈ ಹಿಡಿದುಕೊಂಡಿದೆ ಅಂದುಬಿಟ್ಟೆ.

ನಾನು ಕುದುರೆಗಳ ಡಾಕ್ಟರು. ಮಂಡ್ಯದ ಕಡೆಯವಳು, ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಯಿತು. ಮನೆ ಅಡ್ಯಾರಿನಲ್ಲಿ. ನಾನು ಕನ್ನಡದಲ್ಲಿ ಬೈದರೆ ಮಗಳು ತಮಿಳಿನಲ್ಲಿ ಎದುರಾಡುತ್ತಾಳೆ, ಅಷ್ಟರಮಟ್ಟಿಗೆ ಈ ಊರು ನಮ್ಮದಾಗಿದೆ. ಆಗ ನಾನು ನೋಡಿಕೊಳ್ಳುತ್ತಿದ್ದ ಕುದುರೆ ಲಾಯ ಪೆರುಂಗುಡಿಯ ಗಾಜಿನ ಕಚೇರಿಗಳ ಹಿಂದೆ, ಜವುಗು ನೆಲ ಶುರುವಾಗುವ ಕಡೆ ಇತ್ತು. ಹನ್ನೆರಡು ಕುದುರೆ, ಐದು ಜನ ಕೆಲಸದವರು. ಪಡುವಣ ಗಾಳಿ ಎದ್ದರೆ ಕಸದ ಗುಡ್ಡದ ನಾತ ಲಾಯದ ತುಂಬ ಬಂದು ಕೂರುತ್ತಿತ್ತು. ಸವಾರಿ ಕಲಿಯಲು ಹೊಸದಾಗಿ ಬಂದವರು ಕರವಸ್ತ್ರ ಹುಡುಕುತ್ತಿದ್ದರು, ನಾವು ಚಹಾ ಕುಡಿಯುತ್ತಿದ್ದೆವು.

ಕುದುರೆ ನೋಡಿಕೊಳ್ಳುವವರನ್ನು ನಮ್ಮಲ್ಲಿ ಸೈಸ್ ಅನ್ನುತ್ತಾರೆ. ಅಲ್ಲಿನ ಹಿರಿಯ ಸೈಸ್ ಮೈಸೂರಿನ ಹತ್ತಿರದವರು. ಹದಿನೆಂಟನೆಯ ವಯಸ್ಸಿಗೆ ಮದರಾಸಿಗೆ ಬಂದು ಕುದುರೆಗಳ ನಡುವೆಯೇ ತಲೆ ನರೆತವರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಡಾಕ್ಟರಮ್ಮ ಅನ್ನುತ್ತಿದ್ದರು. ಅವರ ಕನ್ನಡದಲ್ಲಿ ಅರ್ಧ ತಮಿಳು ಸೇರಿಕೊಂಡಿತ್ತು. ಕುದುರೆಯ ಮೈ ಉಜ್ಜುವಾಗ ಮಾತ್ರ ಅಚ್ಚ ಊರಿನ ಕನ್ನಡದಲ್ಲಿ ಅದರ ಜತೆ ಮಾತಾಡುತ್ತಿದ್ದರು. ಓದು ಎರಡನೆಯ ಕ್ಲಾಸಿಗೇ ನಿಂತಿತ್ತು, ಅಂಕಿ ಬರೆಯಲು ಬರುತ್ತಿತ್ತು. ನಮ್ಮ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ಏಕೆಂದರೆ ನಮ್ಮಲ್ಲಿ ಎಲ್ಲವೂ ಅಂಕಿಯ ಮೇಲೆ ನಡೆಯುತ್ತಿತ್ತು. ಪ್ರತಿ ಕುದುರೆಯ ಕೋಣೆಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿತ್ತು. ಬೆಳಿಗ್ಗೆ ಸಂಜೆ ಜ್ವರ ನೋಡಿ ಸೀಮೆಸುಣ್ಣದಲ್ಲಿ ಬರೆಯಬೇಕು. ನೂರು, ನೂರೊಂದರ ಒಳಗಿದ್ದರೆ ಕುದುರೆ ಕೆಲಸಕ್ಕೆ ಹೋಗಬಹುದು. ಜ್ವರದ ಔಷಧಿ ಕೊಟ್ಟಿದ್ದರೆ ಅಂಕಿಗೆ ಸುತ್ತು ಹಾಕಬೇಕು. ಸುತ್ತು ಇದ್ದ ಅಂಕಿ ಅಂದರೆ ಅದು ಕುದುರೆಯ ಮಾತಲ್ಲ, ಔಷಧಿಯ ಮಾತು, ಅದನ್ನು ನಂಬಬಾರದು, ಮೂರು ದಿನ ಆ ಕುದುರೆಗೆ ಜೀನು ಹಾಕಬಾರದು. ಈ ಸುತ್ತಿನ ಪದ್ಧತಿ ತಂದವಳು ನಾನೇ. ಬೇರೆ ಲಾಯಗಳವರು ಬಂದು ನೋಡಿ ಹೊಗಳಿದಾಗ ಉಬ್ಬಿದ್ದೆ. ನೋವಿಗೆ ಕೊಡುವ ಇಂಜೆಕ್ಷನ್ ಕೂಡ ಜ್ವರವನ್ನು ಒತ್ತಿಹಿಡಿಯುತ್ತದೆ, ಅದಕ್ಕೂ ಸುತ್ತು ಬೇಕು ಎಂದು ಕೆಲಸದವರಿಗೆ ಬಿಡಿಸಿ ಹೇಳಿರಲಿಲ್ಲ. ಇಂಜೆಕ್ಷನ್ ಕೊಡುವವಳು ಹೇಗೂ ನಾನೇ ತಾನೆ, ನನಗೆ ಗೊತ್ತಿದ್ದರೆ ಸಾಕು ಎಂಬ ಲೆಕ್ಕ.

ಆ ಹೆಣ್ಣು ಕುದುರೆ ಪುಣೆಯಿಂದ ಬಂದದ್ದು. ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ಏಳು ವರ್ಷ ವಯಸ್ಸು. ಲಾಯದ ಒಡೆಯರು ತಮ್ಮ ಮಗಳ ಸವಾರಿಗೆಂದು ತರಿಸಿದ್ದರು, ಭಾನುವಾರ ಆ ಹುಡುಗಿ ಮೊದಲ ಸಲ ನೋಡಲು ಬರುವವಳಿದ್ದಳು. ಕರೆತರಲು ಹಿರಿಯ ಸೈಸ್ ತಾವೇ ಹೋಗಿದ್ದರು. ಹೊರಡುವ ಮೊದಲು ನಾನು ಅವರಿಗೆ ಒಂದೇ ಮಾತು ಹೇಳಿದ್ದೆ, ನಾಲ್ಕು ಗಂಟೆಗೊಮ್ಮೆ ಲಾರಿ ನಿಲ್ಲಿಸಿ, ಹಗ್ಗ ಬಿಚ್ಚಿ, ಅರ್ಧ ಗಂಟೆ ತಲೆ ತಗ್ಗಿಸಲು ಬಿಡಿ ಎಂದು. ಕುದುರೆ ಮೇಯುವ ಪ್ರಾಣಿ. ದಿನದ ಮುಕ್ಕಾಲು ಪಾಲು ಅದರ ತಲೆ ನೆಲದ ಹತ್ತಿರ ಇರುತ್ತದೆ. ಉಸಿರಿನ ಜತೆ ಹೋದ ದೂಳು, ಹುಲ್ಲಿನ ಚೂರು ಎಲ್ಲ ಹಾಗೆ ಬಗ್ಗಿದಾಗಲೇ ಮೂಗಿನಿಂದ ಇಳಿದು ಬೀಳುತ್ತದೆ. ತಲೆ ಎತ್ತಿ ಕಟ್ಟಿಬಿಟ್ಟರೆ ಅದೆಲ್ಲ ಹಿಂದಕ್ಕೆ, ಎದೆಯೊಳಕ್ಕೆ ಜಾರುತ್ತದೆ. ಒಂದು ಹಗಲು ಒಂದು ರಾತ್ರಿ ಹಾಗೆ ನಿಂತ ಕುದುರೆಯ ಶ್ವಾಸಕೋಶ ಕೊಳೆಯಲು ಬೇರೆ ಕಾರಣ ಬೇಕಿಲ್ಲ.

ಗುರುವಾರ ಮಧ್ಯಾಹ್ನ, ಇಲ್ಲಿಯವರು ಕತ್ತರಿ ಅನ್ನುವ ಮೇ ತಿಂಗಳ ಸುಡುಬಿಸಿಲಿನಲ್ಲಿ ಲಾರಿ ಬಂತು. ಹೆದ್ದಾರಿಯಲ್ಲಿ ಯಾವುದೋ ಟ್ರಕ್ಕು ಮಗುಚಿ ಗಂಟೆಗಟ್ಟಲೆ ನಿಂತಿದ್ದರಂತೆ. ಕುದುರೆ ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಇಳಿಯಿತು, ಇಳಿದು ನಾನು ಮೊದಲು ಹೇಳಿದ ಹಾಗೆ ನಿಂತಿತು. ಅಣ್ಣನ ಕಣ್ಣು ಕೆಂಪಾಗಿತ್ತು. ಹಗ್ಗ ಬಿಚ್ಚಿದ್ದಿರಾ ಎಂದು ನಾನು ಕೇಳಲಿಲ್ಲ. ಬಿಸಿಲು ತಲೆ ಸುಡುತ್ತಿತ್ತು, ಅಡ್ಯಾರಿನಲ್ಲಿ ಮಗಳ ಶಾಲೆಗೆ ಹೋಗಬೇಕಿತ್ತು. ಅಲ್ಲೇ ಅಂಗಳದಲ್ಲಿ ಕತ್ತಿನ ರಕ್ತನಾಳಕ್ಕೆ ನೋವಿನ ಇಂಜೆಕ್ಷನ್ ಕೊಟ್ಟೆ. ಹಗ್ಗ ಹಿಡಿದು ನಿಂತಿದ್ದ ಅಣ್ಣ ಕೇಳಿದರು.

"ಕಾಲು ನೋವಿಗಾ ಡಾಕ್ಟರಮ್ಮ?"

"ಹೂಂ, ಮೈಕೈ ಹಿಡ್ಕೊಂಡಿದೆ. ನಾಳೆ ಸರಿಹೋಗತ್ತೆ."

ಸಂಜೆ ಅವರು ಹೊಸ ಸ್ಲೇಟು ತೂಗುಹಾಕಿ ನೂರು ಎಂದು ಬರೆದರು. ಶುಕ್ರವಾರ ಬೆಳಿಗ್ಗೆ ಮತ್ತೆ ನೂರು. ಸ್ಲೇಟು ನೋಡಿದಾಗ ನನಗೆ ಸುತ್ತಿನ ನೆನಪಾಯಿತು. ಕೈಯಲ್ಲಿ ಸೀಮೆಸುಣ್ಣವೂ ಇತ್ತು. ಸುತ್ತು ಹಾಕಿದರೆ ಭಾನುವಾರ ಆ ಹುಡುಗಿ ಕುದುರೆ ಏರುವಂತಿಲ್ಲ, ಒಡೆಯರು ಏಕೆ ಎಂದು ಕೇಳುತ್ತಾರೆ, ಬಂದ ದಿನವೇ ಕಾಯಿಲೆಯೇ ಎಂದು ಹುಬ್ಬು ಗಂಟಿಕ್ಕುತ್ತಾರೆ. ಬರಿಯ ಮೈಕೈ ನೋವು, ಇದಕ್ಕೇಕೆ ಅಷ್ಟು ರಾಮಾಯಣ ಅನ್ನಿಸಿತು. ಇನ್ನೊಂದು ಇಂಜೆಕ್ಷನ್ ಕೊಟ್ಟು ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದೆ. ಗುರುವಾರದ್ದು ಮರೆವು. ಶುಕ್ರವಾರದ್ದು ಮರೆವಲ್ಲ.

ಶನಿವಾರ ಬೆಳಿಗ್ಗೆ ಅಣ್ಣ ಗೇಟಿನ ಹತ್ತಿರವೇ ಕಾದಿದ್ದರು.

"ಇವ್ಳು ಎರಡು ರಾತ್ರಿಯಿಂದ ಮಲಗ್ನೇ ಇಲ್ಲ ಡಾಕ್ಟರಮ್ಮ. ಹುಲ್ಲು ಕೊಂಚ ಮೂಸ್ತಾಳೆ, ಬಿಡ್ತಾಳೆ. ಆಮೇಲೆ ಒಂದು ವಾಸನೆ ಬರ್ತಾ ಇದೆ."

"ಎಂಥ ವಾಸನೆ?"

"ಹೂದಾನಿ ನೀರು ಬದಲಾಯಿಸ್ದೆ ಬಿಟ್ರೆ ಬರತ್ತಲ್ಲ, ಅಂಥದು. ಮೂಗಿನ ಹತ್ರ ಹೋದ್ರೆ ಬರತ್ತೆ."

ನಾನು ಮೂಸಿದೆ. ಪಡುವಣ ಗಾಳಿ ಜೋರಾಗಿತ್ತು. ಲಾಯದ ತುಂಬ ನಾತವಿತ್ತು, ಅದರಲ್ಲಿ ಇದು ಬೇರೆ ಎಂದು ನನಗೆ ಗೊತ್ತಾಗಲಿಲ್ಲ. ಕಸದ ಗುಡ್ಡದ್ದು ಅಣ್ಣ, ಇಪ್ಪತ್ತು ವರ್ಷ ಇಲ್ಲಿದ್ದೂ ನಿಮಗೆ ಗೊತ್ತಾಗಲ್ವಾ ಎಂದು ನಕ್ಕೆ. ಅವರು ನಗಲಿಲ್ಲ. ಅವರ ಸಮಾಧಾನಕ್ಕೆಂದು ಎದೆಗೆ ಸ್ಟೆತಾಸ್ಕೋಪು ಇಟ್ಟೆ. ಮೇಲ್ಭಾಗದಲ್ಲಿ ಉಸಿರು ಕೇಳಿಸಿತು. ಕೆಳಗೆ, ಮೊಣಕೈಯ ಮಟ್ಟದಲ್ಲಿ, ಏನೂ ಇಲ್ಲ. ಗೊರಗೊರ ಇಲ್ಲ, ಸೀಟಿ ಇಲ್ಲ. ಶಬ್ದವಿಲ್ಲದ್ದನ್ನು ನಾನು ಕಾಯಿಲೆಯಿಲ್ಲದ್ದು ಎಂದುಕೊಂಡೆ. ಸ್ಲೇಟಿನ ಮೇಲೆ ನೂರು ಇತ್ತು. ಅದು ನಾನೇ ಕೊಟ್ಟ ಔಷಧಿಯ ನೂರು ಎಂಬುದು ಆ ಹೊತ್ತಿಗೆ ನನ್ನ ತಲೆಯಲ್ಲೂ ಇರಲಿಲ್ಲ. ಸುತ್ತು ಇಲ್ಲದ ಅಂಕಿಯನ್ನು ನಾನೂ ಉಳಿದವರ ಹಾಗೆಯೇ ನಂಬಿದೆ.

ಭಾನುವಾರ ಬೆಳಿಗ್ಗೆ ಸ್ಲೇಟಿನ ಮೇಲೆ ನೂರಾ ನಾಲ್ಕು ಬರೆದಿತ್ತು.

ಮೂಗಿನ ಹೊಳ್ಳೆ ಅರಳಿತ್ತು. ಪಕ್ಕೆ ನಿಮಿಷಕ್ಕೆ ಹನ್ನೆರಡು ಸಲ ಏಳಬೇಕಾದದ್ದು ಮೂವತ್ತೆಂಟು ಸಲ ಏಳುತ್ತಿತ್ತು, ಅದೂ ಚಿಕ್ಕ ಚಿಕ್ಕದಾಗಿ, ಪೂರ್ತಿ ಉಸಿರು ತೆಗೆಯಲು ಹೆದರಿದ ಹಾಗೆ. ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಒತ್ತಿದೆ. ಕುದುರೆ ನರಳಿತು. ಒಸಡಿನಲ್ಲಿ ಹಲ್ಲಿನ ಬುಡದುದ್ದಕ್ಕೂ ನೇರಳೆ ಗೆರೆ ಮೂಡಿತ್ತು, ಅಂದರೆ ವಿಷ ರಕ್ತಕ್ಕೆ ಇಳಿದಾಗಿದೆ. ಬಗ್ಗಿ ಮೂಗಿನ ಹತ್ತಿರ ಮುಖ ಒಯ್ದೆ. ಅವತ್ತು ಗಾಳಿಯೇ ಇರಲಿಲ್ಲ. ಕೊಳೆತ ಹೂದಾನಿಯ ನೀರು, ಅಣ್ಣ ಹೇಳಿದ ಹಾಗೆಯೇ.

ನಾನು ನನ್ನ ಗುರುಗಳಿಗೆ ಫೋನು ಮಾಡಿದೆ. ಅವರು ಎಪ್ಪತ್ತು ದಾಟಿದ ಕುದುರೆ ಡಾಕ್ಟರು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ವೈಷ್ಣವ ಮನೆತನ, ಮನೆಮಾತು ಕನ್ನಡ, ಎಣಿಕೆ ತಮಿಳಿನಲ್ಲಿ. ಪಂಚೆಯುಟ್ಟು ಆಟೋದಲ್ಲಿ ಬಂದರು. ನನ್ನ ಸ್ಕ್ಯಾನಿಂಗ್ ಯಂತ್ರವನ್ನು ಪಕ್ಕಕ್ಕೆ ಸರಿಸಿ, ಎಡಗೈ ಬೆರಳನ್ನು ಕುದುರೆಯ ಪಕ್ಕೆಗೆ ಒತ್ತಿ ಬಲಗೈ ಬೆರಳಿನಿಂದ ಅದರ ಮೇಲೆ ತಟ್ಟುತ್ತ ಮೇಲಿನಿಂದ ಕೆಳಗೆ ಬಂದರು. ಟೊಳ್ಳಾಗಿ ಕೇಳುತ್ತಿದ್ದ ಶಬ್ದ ಒಂದು ಕಡೆ ಬಂದು ಸತ್ತುಹೋಯಿತು. ತುಂಬಿದ ಬಿಂದಿಗೆ ತಟ್ಟಿದರೆ ಹೀಗೆಯೇ ಆಗುತ್ತದೆ.

"ಸೀಮೆಸುಣ್ಣ ಕೊಡಮ್ಮಾ," ಎಂದು ಸ್ಲೇಟಿನ ಸೀಮೆಸುಣ್ಣವನ್ನೇ ತೆಗೆದುಕೊಂಡು ಶಬ್ದ ಸತ್ತ ಕಡೆಯಲ್ಲಿ, ಪಕ್ಕೆಯುದ್ದಕ್ಕೂ ಅಡ್ಡಗೆರೆ ಎಳೆದರು. "ಇದರ ಕೆಳಗೆ ಪೂರಾ ನೀರು. ನೀನು ಕೇಳಿದ್ಯಾ?"

"ಕೇಳಿದ್ದೆ ಸರ್. ಕೆಳಗೆ ಏನೂ ಕೇಳಿಸ್ಲಿಲ್ಲ."

"ಅದೇ ಕೇಳಬೇಕಾಗಿದ್ದು. ಗೊರಗೊರ ಅಂದ್ರೆ ಅಲ್ಲಿ ಗಾಳಿ ಓಡಾಡ್ತಿದೆ ಅಂತ. ಏನೂ ಇಲ್ಲಾಂದ್ರೆ ಗಾಳಿಗೇ ಜಾಗ ಇಲ್ಲ ಅಂತ."

ಆಮೇಲೆ ಸ್ಲೇಟಿನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ನಾಲ್ಕು ದಿನದ ಅಂಕಿ, ನೂರು, ನೂರು, ನೂರು, ಒಮ್ಮೆಲೇ ನೂರಾ ನಾಲ್ಕು.

"ಇಷ್ಟು ನೀರು ಒಂದು ರಾತ್ರೀಲಿ ತುಂಬಲ್ಲಮ್ಮಾ. ಮೊದಲು ಏನಾದ್ರೂ ಇಂಜೆಕ್ಷನ್ ಹಾಕಿದ್ಯಾ?"

ಒಡೆಯರು ಬಾಗಿಲಲ್ಲೇ ನಿಂತಿದ್ದರು, ಪಕ್ಕದಲ್ಲಿ ಹೊಸ ಸವಾರಿ ಬೂಟು ಹಾಕಿಕೊಂಡ ಅವರ ಮಗಳು. ಅಣ್ಣ ಐಸು ತರಲು ಹೋಗಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ನಾನು ಹೆಗಲು ಕೂಡ ಮುಟ್ಟಿಕೊಳ್ಳಲಿಲ್ಲ. ಇಲ್ಲ ಸರ್, ಏನೂ ಕೊಟ್ಟಿಲ್ಲ ಅಂದೆ. ದನಿ ಚೆನ್ನಾಗಿಯೇ ಬಂತು. ಅವರು ನನ್ನನ್ನೊಮ್ಮೆ ನೋಡಿ, ಸರಿ, ಬ್ಲೇಡು ತಾ ಅಂದರು.

ಮೊಣಕೈಯ ಹಿಂದೆ ಅಂಗೈಯಗಲ ಕೂದಲು ಬೋಳಿಸಿ, ಮರಗಟ್ಟಿಸುವ ಔಷಧಿ ಚುಚ್ಚಿ, ಎರಡು ಪಕ್ಕೆಲುಬುಗಳ ನಡುವೆ ಸಣ್ಣದಾಗಿ ಕೊಯ್ದು ನಳಿಗೆ ಇಳಿಸಿದೆವು. ಕಂದು ಕೆಂಪು ನೀರು ಬಂತು. ಒಂದು ಬಕೆಟ್ ತುಂಬಿ ಇನ್ನೊಂದು ಅರ್ಧವಾಯಿತು. ಅದರಲ್ಲಿ ಕೆನೆಯ ಪದರಗಳ ಹಾಗೆ ಕೀವಿನ ತುಣುಕು ತೇಲುತ್ತಿತ್ತು. ಹುಡುಗಿ ಬೂಟು ಸಮೇತ ಹೊರಗೆ ಓಡಿ ವಾಂತಿ ಮಾಡಿಕೊಂಡಳು. ನಳಿಗೆಯ ತುದಿಗೆ ರಬ್ಬರ್ ಗವಸಿನ ಬೆರಳೊಂದನ್ನು ಕತ್ತರಿಸಿ ಕಟ್ಟಿದೆವು. ನೀರು ಹೊರಗೆ ಬರಬೇಕು, ಗಾಳಿ ಒಳಗೆ ಹೋಗಬಾರದು. ಆಮೇಲೆ ಮೂರು ಬಗೆಯ ಆಂಟಿಬಯಾಟಿಕ್, ದಿನಕ್ಕೆ ನಾಲ್ಕು ಸಲ ಪೆನಿಸಿಲಿನ್, ರಕ್ತನಾಳಕ್ಕೆ ಸಲೈನು. ಇಂಥ ಕಾಯಿಲೆಯಲ್ಲಿ ವಿಷ ಗೊರಸಿಗೆ ಇಳಿಯುತ್ತದೆ, ಆದ್ದರಿಂದ ನಾಲ್ಕೂ ಕಾಲನ್ನು ಹಗಲಿರುಳು ಐಸಿನಲ್ಲಿ ಇಡಬೇಕು. ಎದೆಯ ಕಾಯಿಲೆ ಕಾಲಿನಿಂದ ಕೊಲ್ಲತ್ತಮ್ಮಾ, ಅದನ್ನ ಮರೀಬೇಡ ಎಂದು ಗುರುಗಳು ಎರಡು ಸಲ ಹೇಳಿದರು.

ಐಸಿನ ಕೆಲಸ ಅಣ್ಣ ಯಾರಿಗೂ ಬಿಡಲಿಲ್ಲ. ಮೀನಿನ ಮಾರುಕಟ್ಟೆಯ ಹತ್ತಿರದ ಕಾರ್ಖಾನೆಯಿಂದ ಗೋಣಿಯಲ್ಲಿ ಗಡ್ಡೆ ತಂದು, ಕುಟ್ಟಿ, ಟಯರಿನ ಟ್ಯೂಬು ಕತ್ತರಿಸಿ ಹೊಲಿದ ಚೀಲಗಳಿಗೆ ತುಂಬಿ ಕಾಲಿಗೆ ಕಟ್ಟುತ್ತಿದ್ದರು. ಎರಡು ಗಂಟೆಗೆ ಕರಗುತ್ತಿತ್ತು, ಮತ್ತೆ ಕುಟ್ಟುತ್ತಿದ್ದರು. ಅವರ ಬೆರಳ ತುದಿಗಳು ಬಿಳಿಚಿ ಬಿರುಕುಬಿಟ್ಟವು. ಹುಲ್ಲನ್ನು ನೀರಿನಲ್ಲಿ ನೆನೆಸಿ ದೂಳು ತೆಗೆದು ನೆಲದ ಮೇಲೆ ಹರಡುತ್ತಿದ್ದರು, ಅದು ತಲೆ ತಗ್ಗಿಸಿ ತಿನ್ನಲಿ ಎಂದು. ಅಷ್ಟೂ ದಿನ ಆ ಕೋಣೆಯಲ್ಲಿ ಅವರು ಹಗ್ಗ ಮುಟ್ಟಲಿಲ್ಲ. ಕೊರಳಪಟ್ಟಿಯನ್ನೂ ಬಿಚ್ಚಿ ಮೊಳೆಗೆ ತೂಗುಹಾಕಿದ್ದರು.

ಸೋಮವಾರ ಪಕ್ಕೆಯ ಗೆರೆ ನಾಲ್ಕು ಬೆರಳು ಕೆಳಗಿಳಿಯಿತು. ನಾನು ದಿನಾ ತಟ್ಟಿ ನೋಡಿ ಹೊಸ ಗೆರೆ ಎಳೆಯುತ್ತಿದ್ದೆ. ಮಂಗಳವಾರ ಇನ್ನೂ ಎರಡು ಬೆರಳು. ಗುರುವಾರದ ಹೊತ್ತಿಗೆ ಕುದುರೆಯ ಪಕ್ಕೆಯ ಮೇಲೆ ಮೆಟ್ಟಿಲಿನ ಹಾಗೆ ಬಿಳಿ ಗೆರೆಗಳಿದ್ದವು, ಜ್ವರ ನೂರಾ ಎರಡಕ್ಕೆ ಬಂದಿತ್ತು. ಅವತ್ತು ಅದು ಅಣ್ಣನ ಕೈಯಿಂದ ಅರ್ಧ ಕ್ಯಾರೆಟ್ ತಿಂದಿತು. ಅವರು ಕೋಣೆಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ನನಗೆ ಆಸೆ ಹುಟ್ಟಿತು. ಬದುಕಿಕೊಂಡರೆ ಸುಳ್ಳೂ ಸತ್ತಹಾಗೆ ಎಂದು ಒಳಗೊಳಗೇ ಲೆಕ್ಕ ಹಾಕಿದೆ. ಕುದುರೆ ಬದುಕಲಿ ಎಂದು ಬೇಡಿಕೊಂಡದ್ದರಲ್ಲಿ ಎಷ್ಟು ಪಾಲು ಕುದುರೆಗೆ, ಎಷ್ಟು ನನಗೆ ಎಂದು ಇವತ್ತಿಗೂ ಹೇಳಲಾರೆ.

ಶನಿವಾರ ಮತ್ತೆ ವಾಸನೆ ಬಂತು. ಈ ಸಲ ಕೋಣೆಯ ಬಾಗಿಲಿಗೇ ಬಂತು. ಮೂಗಿನಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು, ಯಂತ್ರದಲ್ಲಿ ನೋಡಿದರೆ ಬಲ ಶ್ವಾಸಕೋಶದ ಕೆಳಭಾಗ ಸತ್ತು ಕೊಳೆತಿತ್ತು. ಸತ್ತ ಮಾಂಸಕ್ಕೆ ರಕ್ತ ಹೋಗುವುದಿಲ್ಲ, ರಕ್ತ ಹೋಗದ ಕಡೆ ಔಷಧಿಯೂ ಹೋಗುವುದಿಲ್ಲ. ಭಾನುವಾರ ಗೆರೆ ಮೇಲಕ್ಕೇರಿತು. ಸೋಮವಾರ ಬೆಳಿಗ್ಗೆ ಮುಂಗಾಲಿನ ಗೊರಸುಗಳು ಐಸಿನಲ್ಲೂ ಬಿಸಿಯಾಗಿದ್ದವು. ಒಂದು ಕಾಲಿನ ಭಾರ ಇನ್ನೊಂದಕ್ಕೆ, ಅದರಿಂದ ಇದಕ್ಕೆ, ಹಾಗೆ ತೂಗುತ್ತ ನಿಂತಿತ್ತು. ಹನ್ನೊಂದು ದಿನದಿಂದ ಮಲಗಿರದ ಪ್ರಾಣಿಗೆ ಇನ್ನು ನಿಲ್ಲಲೂ ನೆಲವಿರಲಿಲ್ಲ. ಗುರುಗಳು ಬಂದು ನೋಡಿ, ಸಾಕಮ್ಮಾ, ಕಳಿಸಿಕೊಡು ಅಂದರು.

ಮಧ್ಯಾಹ್ನ ಬೇವಿನ ಮರದ ನೆರಳಿಗೆ ಅದನ್ನು ನಡೆಸಿಕೊಂಡು ಬಂದದ್ದು ಅಣ್ಣ. ಇಪ್ಪತ್ತು ಹೆಜ್ಜೆಗೆ ಕಾಲು ಗಂಟೆ ಹಿಡಿಯಿತು. ಹಗ್ಗ ಹಾಕಲಿಲ್ಲ, ಕುತ್ತಿಗೆಗೆ ಕೈಯಿಟ್ಟು ಕರೆತಂದರು. ಬಾ ನನ್ನವ್ವ, ಇಷ್ಟೇ, ಆಯ್ತು ಎಂದು ಊರಿನ ಕನ್ನಡದಲ್ಲಿ ಹೇಳುತ್ತಿದ್ದರು. ಕೊನೆಯ ಇಂಜೆಕ್ಷನ್ ಕೊಟ್ಟದ್ದು ನಾನು. ಗುರುವಾರ ಚುಚ್ಚಿದ ರಕ್ತನಾಳವೇ.

ಮಾರನೆಯ ದಿನ ಬೆಳಿಗ್ಗೆ ಒಡೆಯರು ಖಾಲಿ ಕೋಣೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ, ಇದು ಹೇಗಾಯಿತು ಎಂದು ತಮಿಳಿನಲ್ಲಿ ಕೇಳಿದರು. ಸಿಟ್ಟಿನ ದನಿಯಲ್ಲ, ಕಚೇರಿಯ ದನಿ. ನಾನು ಪ್ರಯಾಣದಲ್ಲಿ ಬರುವ ಶ್ವಾಸಕೋಶದ ಸೋಂಕಿನ ಬಗ್ಗೆ ವಿವರಿಸಿದೆ. ತಲೆ ಎತ್ತಿ ಕಟ್ಟಿದರೆ ಏನಾಗುತ್ತದೆ ಎಂದೂ ಹೇಳಿದೆ. ಹೇಳುವಾಗ ನಾನು ಯಾರ ಮುಖವನ್ನೂ ನೋಡಲಿಲ್ಲ. ಆಗ ಅಣ್ಣ ಮುಂದೆ ಬಂದರು.

ಹಗ್ಗ ಬಿಚ್ಚಿರಲಿಲ್ಲ ಅಂದರು. ಹಿಂದೆ ಒಂದು ಸಲ ಬೇರೆ ಲಾಯದಲ್ಲಿದ್ದಾಗ, ಲಾರಿಯಲ್ಲಿ ಉದ್ದ ಹಗ್ಗ ಬಿಟ್ಟ ಕುದುರೆಯೊಂದು ಅದರ ಮೇಲೆ ಕಾಲು ಹಾಕಿ ಮೂಳೆ ಮುರಿದುಕೊಂಡಿತ್ತು. ರಸ್ತೆ ಬದಿಯಲ್ಲೇ ಅದನ್ನು ಕೊಲ್ಲಬೇಕಾಗಿತ್ತು. ಆವತ್ತಿನಿಂದ ಅವರಿಗೆ ಲಾರಿಯಲ್ಲಿ ಹಗ್ಗ ಸಡಿಲಿಸಲು ಕೈ ಬರುತ್ತಿರಲಿಲ್ಲ. ಟ್ರಕ್ಕು ಮಗುಚಿ ಸಾಲು ನಿಂತಾಗ ಸುತ್ತ ಹಾರ್ನು, ಗಲಾಟೆ, ಕುದುರೆ ಬೆದರುತ್ತಿತ್ತು, ಇನ್ನಷ್ಟು ಬಿಗಿದು ಕಟ್ಟಿದೆ ಅಂದರು. ಡಾಕ್ಟರಮ್ಮ ಹೇಳಿದ್ರು, ನಾನು ಕೇಳ್ಲಿಲ್ಲ, ತಪ್ಪು ನಂದು. ಇದನ್ನು ಅವರು ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರು.

ಒಡೆಯರು ನನ್ನ ಕಡೆ ತಿರುಗಿ, ಡಾಕ್ಟರ್, ನಿಮ್ಮ ಕಡೆಯಿಂದ ಏನಾದರೂ ಹೇಳಲಿಕ್ಕಿದೆಯೇ ಎಂದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಚಿಕ್ಕಂದಿನಲ್ಲಿ ಕಾಪಿ ಬರೆದಿದ್ದೇವೆ. ಆ ಬಂಗಾರವನ್ನು ನಾನು ಅವತ್ತು ಗಂಟಲಲ್ಲಿ ಇಟ್ಟುಕೊಂಡೆ. ಇಲ್ಲ ಎಂದು ತಲೆಯಾಡಿಸಿದೆ. ಸಂಜೆಯೊಳಗೆ ಅಣ್ಣನ ಪೆಟ್ಟಿಗೆ, ಚಾಪೆ ಗೇಟಿನ ಆಚೆ ಇದ್ದವು. ನಾನು ಸ್ಕೂಟರಿನಲ್ಲಿ ಹೊರಟಾಗ ಅವರು ಬಸ್ಸಿಗೆ ಕಾಯುತ್ತಿದ್ದರು. ಎದ್ದು ನಿಂತು ಕೈ ಮುಗಿದರು, ಕಾಪಾಡಕ್ಕೆ ಎಷ್ಟು ಒದ್ದಾಡಿದ್ರಿ ಡಾಕ್ಟರಮ್ಮ, ನಾನೇ ಕೆಡಿಸ್ದೆ ಅಂದರು. ನಾನು ಸ್ಕೂಟರಿನಿಂದ ಇಳಿಯಲಿಲ್ಲ.

ಕೆಲವು ದಿನಗಳ ಮೇಲೆ ಗುರುಗಳು ಫೋನಿನಲ್ಲಿ, ಆ ಮೊದಲ ಮೂರು ದಿನದ ಜ್ವರದ ಲೆಕ್ಕ ನನಗೆ ಹೊಂದ್ತಾ ಇಲ್ಲಮ್ಮಾ ಅಂದರು. ನಾನು ಬೇರೆ ಮಾತು ಎತ್ತಿದೆ. ಅವರು ಫೋನಿಟ್ಟರು. ಆಮೇಲೆ ತಮ್ಮ ಕೇಸುಗಳಿಗೆ ನನ್ನನ್ನು ಕರೆಯುವುದು ನಿಲ್ಲಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಾನು ಆ ಲಾಯ ಬಿಟ್ಟೆ. ಬೇರೆ ಕಡೆಗಳಲ್ಲಿ ಕೆಲಸ ಮಾಡಿದೆ, ಎಲ್ಲ ಕಡೆಯೂ ಸ್ಲೇಟು ಹಾಕಿಸಿದೆ. ಯಾವ ಇಂಜೆಕ್ಷನ್ ಕೊಟ್ಟರೂ ಸುತ್ತು ಹಾಕುತ್ತೇನೆ, ವಿಟಮಿನ್ ಕೊಟ್ಟರೂ ಹಾಕುತ್ತೇನೆ. ಡಾಕ್ಟರಿಗೆ ಸುತ್ತಿನ ಹುಚ್ಚು ಎಂದು ಹುಡುಗರು ನಗುತ್ತಾರೆ.

ಎರಡು ವರ್ಷದ ಮೇಲೆ ಮಣಲಿಯ ಕಡೆ ಹಸು ಎಮ್ಮೆಗಳಿಗೆ ಲಸಿಕೆ ಹಾಕುವ ಶಿಬಿರವಿತ್ತು. ಅಲ್ಲಿ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಳ ಗಂಧಕದ ವಾಸನೆ ನಾಲಿಗೆಗೇ ಹತ್ತುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಗೋದಾಮಿನ ಗೇಟಿನಲ್ಲಿ ನೀಲಿ ಸಮವಸ್ತ್ರದ ಕಾವಲುಗಾರರೊಬ್ಬರು ಎದ್ದು ನಿಂತು ಕೈ ಮುಗಿದರು. ಡಾಕ್ಟರಮ್ಮ ಅಂದ ಮೇಲೇ ನನಗೆ ಗುರುತು ಸಿಕ್ಕಿದ್ದು. ಮೈ ಇಳಿದಿತ್ತು, ಮಾತಿನ ನಡುವೆ ಕೆಮ್ಮುತ್ತಿದ್ದರು. ಕಾವಲು ಕೋಣೆಯ ನೆರಳಲ್ಲಿ ಕೂರಿಸಿ ಚಹಾ ತರಿಸಿದರು. ಕಾಲ ಬಳಿ ಒಂದು ನಾಯಿ ಮಲಗಿತ್ತು. ಟ್ಯಾಂಕರುಗಳು ಓಡಾಡುವ ಜಾಗ, ಕಟ್ಟಿಹಾಕಬಾರದೇ ಅಣ್ಣ ಎಂದೆ.

"ನಾನು ಈಗ ಯಾವುದನ್ನೂ ಕಟ್ಟಲ್ಲ ಡಾಕ್ಟರಮ್ಮ. ಆ ಲಾಯದಿಂದ ಬಂದ್ಮೇಲೆ ಇನ್ನೊಂದು ಕಡೆ ಕರೆದ್ರು, ಪೋಗಲೇ ಇಲ್ಲ. ಹಗ್ಗ ಹಿಡಿದ್ರೆ ಅವಳು ತಲೆ ಎತ್ಕೊಂಡು ನಿಂತಿದ್ದೇ ಕಾಣತ್ತೆ. ಬಾಯಿ ಇಲ್ಲದ್ದು, ಬಿಚ್ಚು ಅಂತ ಹೇಳಕ್ಕಾಗ್ಲಿಲ್ಲ ಅವಳಿಗೆ."

ಚಹಾ ಕೈಯಲ್ಲೇ ಉಳಿಯಿತು. ಎರಡು ವರ್ಷ ನಾನು ಸುತ್ತು ಹಾಕುತ್ತ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇವರು ಕಲಿತ ಒಂದೇ ಕೆಲಸವನ್ನು ಬಿಟ್ಟು ಈ ಗೇಟಿನಲ್ಲಿ ಕೂತಿದ್ದರು. ಹೇಳಿದೆ. ಗುರುವಾರದ ಇಂಜೆಕ್ಷನ್, ಶುಕ್ರವಾರದ ಇಂಜೆಕ್ಷನ್, ನೋವಿನ ಔಷಧಿ ಜ್ವರವನ್ನೂ ಮುಚ್ಚುತ್ತದೆ ಎಂಬುದು, ಹಾಕದೆ ಬಿಟ್ಟ ಸುತ್ತು, ಗುರುಗಳಿಗೆ ಹೇಳಿದ ಸುಳ್ಳು. ಅವರು ಬರೆದ ನೂರು ನಿಜವಾದ ನೂರಲ್ಲ ಎಂದೆ.

ಅವರು ನಾಯಿಯ ಕಿವಿಯ ಹಿಂದಿನ ಉಣ್ಣೆಹುಳವೊಂದನ್ನು ಹುಡುಕಿ ತೆಗೆದು ಕಲ್ಲಿನ ಮೇಲಿಟ್ಟು ಹೊಸಕಿದರು.

"ಹಂಗಂದ್ರೆ ಹಗ್ಗದಿಂದ ಅಲ್ವಾ?"

ಅಲ್ಲ ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ. ಆದರೆ ಇನ್ನೊಂದು ಸುಳ್ಳು ಹೇಳಲು ನನ್ನಲ್ಲಿ ಶಕ್ತಿ ಇರಲಿಲ್ಲ.

"ಹಗ್ಗದಿಂದಲೂ ಹೌದು ಅಣ್ಣ. ಕಾಯಿಲೆ ಹತ್ತಿದ್ದು ಲಾರೀಲೇ. ಆದ್ರೆ ಗುರುವಾರವೇ ಜ್ವರ ಕಂಡಿದ್ರೆ, ಅವತ್ತೇ ಔಷಧಿ ಶುರುಮಾಡಿದ್ರೆ, ಉಳಿಸ್ಕೋಬಹುದಿತ್ತು. ಆ ಮೂರು ದಿನ ಕಳೆದವಳು ನಾನು."

"ವಾಸನೆ ಅಂತ ನಾನು ಹೇಳಿದ್ದೆ."

"ಹೇಳಿದ್ರಿ."

ಒಂದು ಟ್ಯಾಂಕರು ಬಂದು ಗೇಟಿನ ಮುಂದೆ ಹಾರ್ನು ಹೊಡೆಯಿತು. ಅವರು ಟೋಪಿ ತೆಗೆದುಕೊಂಡು ಎದ್ದರು, ಎದ್ದವರು ಕೆಮ್ಮು ನಿಲ್ಲುವ ತನಕ ಗೋಡೆ ಹಿಡಿದು ನಿಂತರು. ಎಷ್ಟೋ ವರ್ಷದ ಅಭ್ಯಾಸ, ನನ್ನ ಕಣ್ಣು ತಾನಾಗಿ ಅವರ ಪಕ್ಕೆ ಏಳುವುದನ್ನು ಎಣಿಸುತ್ತಿತ್ತು.

"ಸರಿ ಡಾಕ್ಟರಮ್ಮ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂದೂ ತಪ್ಪಿತ್ತು, ನಿಮ್ದೂ ಇತ್ತು. ನಾನು ಅವತ್ತೇ ಒಪ್ಕೊಂಡೆ."

ಟೋಪಿ ಹಾಕಿಕೊಂಡು ಗೇಟು ತೆಗೆಯಲು ಹೋದರು. ನಾಯಿಯೂ ಎದ್ದು ಅವರ ಹಿಂದೆ ಹೋಯಿತು.